ಅತ್ತೆಯವರ ಅಜ್ಜಿ ಲೂಥರನ್ನರೋ ಬಹಾಯಿಯೋ? ಸ್ವೀಡನ್ನಿನಿಂದ ಶಿಕಾಗೋಗೆ ಬಂದವರ ದಾಖಲೆ ಹುಡುಕಲು ನೆರವು ಬೇಕು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ತವರು ತೀರ್ಥಹಳ್ಳಿ ಕಡೆ. ಮದುವೆಯಾಗಿ ಇಲಿನಾಯ್ ರಾಜ್ಯಕ್ಕೆ ಬಂದು ಮಕ್ಕಳು ಕಾಲೇಜು ಸೇರುವಷ್ಟು ಕಾಲವಾಯಿತು. ಗಂಡನ ಮನೆಯವರು ಸ್ವೀಡನ್ ಮೂಲದವರು. ಈಗ ಮಗಳು ಎರಡೂ ಕಡೆಯ ವಂಶವೃಕ್ಷ ಬರೆಯಲು ಕುಳಿತಿದ್ದಾಳೆ. ನನ್ನ ಕಡೆಯದು ಸಲೀಸಾಗಿ ಮುಗಿಯಿತು. ಮೂರು ತಲೆಮಾರಿನ ಹೆಸರು ಶ್ರಾದ್ಧದ ದಿನ ಅಪ್ಪನ ಬಾಯಲ್ಲೇ ಬರುತ್ತವೆ. ಗಂಡನ ಕಡೆಯದು ಒಬ್ಬ ಹೆಂಗಸಿನ ಹತ್ತಿರ ಬಂದು ನಿಂತಿದೆ, ಮನೆಯಲ್ಲಿ ಜಗಳವೇ ಎದ್ದಿದೆ.

ಅವರು ನನ್ನ ಅತ್ತೆಯವರ ತಾಯಿಯ ತಾಯಿ. 1879ರಲ್ಲಿ ಸ್ಮೋಲಂಡ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದವರು. 1899ರಲ್ಲಿ ಒಬ್ಬರೇ ಹಡಗು ಹತ್ತಿ ಬಂದು ಶಿಕಾಗೋದ ಉಳ್ಳವರ ಮನೆಯೊಂದರಲ್ಲಿ ಅಡುಗೆಗೆ ಸೇರಿದರು. ಆಮೇಲೆ ಸ್ವೀಡನ್ನಿನವರೇ ಆದ ಒಬ್ಬ ಬಡಗಿಯನ್ನು ಮದುವೆಯಾದರು. ಗಂಡ ತೀರಿಕೊಂಡಿದ್ದು 1933ರಲ್ಲಿ, ಅಜ್ಜಿ 1954ರಲ್ಲಿ. ಅತ್ತೆಗೆ ಆಗ ಹನ್ನೊಂದು ವರ್ಷ, ಅಜ್ಜಿಯ ನೆನಪು ಚೆನ್ನಾಗಿಯೇ ಇದೆ.

ಅಜ್ಜಿ ಬಹಾಯಿ ಆಗಿದ್ದರು, ಅಂದರೆ ಪರ್ಷಿಯಾದಲ್ಲಿ ಹುಟ್ಟಿದ ಬಹಾಯಿ ಧರ್ಮಕ್ಕೆ ಸೇರಿದ್ದರು ಎನ್ನುವುದು ಅತ್ತೆಯ ಮಾತು. ಎಂಬತ್ತು ದಾಟಿದ ಅವರ ಸೋದರಮಾವನ ಮಗ ಒಪ್ಪುವುದಿಲ್ಲ. "ಅವಳು ಲೂಥರನ್ ಆಗಿಯೇ ಸತ್ತಳು, ಚರ್ಚಿನ ಪುಸ್ತಕದಲ್ಲಿ ಹೆಸರಿದೆ, ನಾನೇ ನೋಡಿದ್ದೇನೆ" ಎಂದು ಪಟ್ಟು ಹಿಡಿದಿದ್ದಾರೆ. ಲೂಥರನ್ ಎಂದರೆ ಸ್ವೀಡನ್ನಿನವರ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥ. ಅತ್ತೆಯ ಬಳಿ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿ ಸ್ವೀಡಿಷ್ ಭಾಷೆಯ ಸ್ತೋತ್ರ ಪುಸ್ತಕ, ಊರಿನಿಂದ ತಂಗಿ ಬರೆದ ಕಾಗದಗಳು, ಒಂದು ಉಂಗುರ, ಪರ್ಷಿಯನ್ ಅಕ್ಷರದಂತೆ ಕಾಣುವ ಒಂದು ಹಾಳೆ. ಉಂಗುರದ ಮೇಲೆ ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ, ಎರಡು ಬದಿಗೆ ಎರಡು ನಕ್ಷತ್ರ. ಮನೆಯ ಗೋಡೆಯ ಮೇಲೆ ಅರಬ್ಬಿ ಲಿಪಿಯ ಒಂದು ಚೌಕಟ್ಟಿನ ಚಿತ್ರವೂ ಇತ್ತಂತೆ. ಮಕ್ಕಳೆಲ್ಲ ಅದನ್ನು ಅಜ್ಜಿ ಬಂದ ಹಡಗಿನ ಚಿತ್ರ ಎಂದುಕೊಂಡಿದ್ದರಂತೆ.

ಇನ್ನು ಮನೆಯಲ್ಲಿ ಹೇಳಿಕೊಂಡು ಬಂದ ಮಾತುಗಳು. ಅಜ್ಜಿ ಮಾರ್ಚ್ ತಿಂಗಳಲ್ಲಿ ಹಗಲು ಏನೂ ತಿನ್ನುತ್ತಿರಲಿಲ್ಲ. ಅದು ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತ ಎನ್ನುತ್ತಾರೆ ಸೋದರಮಾವನ ಮಗ. ಶಿಕಾಗೋ ಹತ್ತಿರದ ಬಹಾಯಿ ಮಂದಿರದ ಮೊದಲ ಕಲ್ಲನ್ನು ಅಜ್ಜಿಯೇ ಮಗುವಿನ ಗಾಡಿಯಲ್ಲಿ ತಳ್ಳಿಕೊಂಡು ಹೋಗಿದ್ದರು. ಅವರನ್ನು ಗಂಡನ ಪಕ್ಕದಲ್ಲಿ ಹೂಳಲಿಲ್ಲ, ಅದಕ್ಕೆ ಕಾರಣ ಯಾರೂ ಹೇಳುವುದಿಲ್ಲ.

ಎಲ್ಲಿಂದ ಹುಡುಕಲು ಆರಂಭಿಸಲಿ? ಸ್ವೀಡನ್ನಿನಲ್ಲಿರುವ ಕನ್ನಡಿಗರು ಇಲ್ಲಿದ್ದಾರೆ ಎಂದು ಕೇಳಿ ಬರೆಯುತ್ತಿದ್ದೇನೆ.

ಪ್ರಶ್ನಾರ್ಥಕ

ಎಪ್ಪತ್ತು ವರ್ಷದ ಹಿಂದೆ ತೀರಿಕೊಂಡವರ ಧರ್ಮ ಯಾವುದಾಗಿದ್ದರೆ ಯಾರಿಗೇನು ನಷ್ಟ? ವಂಶವೃಕ್ಷದಲ್ಲಿ ಆ ಜಾಗ ಖಾಲಿ ಬಿಡಿ. ಮನೆಯಲ್ಲಿ ನೆಮ್ಮದಿ ಇರುತ್ತದೆ.

ಅದಿರಲಿ, ಬಹಾಯಿ ಎಂದರೆ ದೆಹಲಿಯ ಕಮಲ ಮಂದಿರದವರು ತಾನೇ? ಅವರು 1899ರ ಶಿಕಾಗೋದಲ್ಲಿ ಎಲ್ಲಿಂದ ಬಂದರು?

ಹಳೆಯ ಕಡತ

ಪ್ರಶ್ನಾರ್ಥಕರೇ, ಕಮಲ ಮಂದಿರ ಬಾಗಿಲು ತೆರೆದದ್ದು 1986ರಲ್ಲಿ. ಶಿಕಾಗೋದ ಬಹಾಯಿಗಳು ಅದಕ್ಕಿಂತ ತೊಂಬತ್ತು ವರ್ಷ ಹಳಬರು.

ನಮ್ಮವರಿಗೆಲ್ಲ 1893ರ ಶಿಕಾಗೋ ಸರ್ವಧರ್ಮ ಸಮ್ಮೇಳನ ಎಂದರೆ ವಿವೇಕಾನಂದರ ಸೆಪ್ಟೆಂಬರ್ 11ರ ಭಾಷಣ. ಅದೇ ಸಮ್ಮೇಳನದಲ್ಲಿ ಕೆಲವು ದಿನಗಳ ನಂತರ, ಸಿರಿಯಾದಲ್ಲಿ ಕೆಲಸ ಮಾಡುತ್ತಿದ್ದ ಕ್ರೈಸ್ತ ಪಾದ್ರಿ ಹೆನ್ರಿ ಜೆಸಪ್ ಅವರ ಪ್ರಬಂಧವೊಂದನ್ನು ಓದಲಾಯಿತು. ಅದರ ಕೊನೆಯಲ್ಲಿ, ಅದರ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಬಹಾವುಲ್ಲಾ ಎಂಬ ಪರ್ಷಿಯನ್ ಸಂತರ, ಅಂದರೆ ಬಹಾಯಿ ಧರ್ಮದ ಸ್ಥಾಪಕರ ಮಾತುಗಳಿದ್ದವು. ಅಮೆರಿಕದ ಸಾರ್ವಜನಿಕ ವೇದಿಕೆಯಲ್ಲಿ ಆ ಹೆಸರು ಕೇಳಿಸಿದ್ದು ಅಂದೇ ಮೊದಲು ಎಂದು ಬಹಾಯಿಗಳು ಹೇಳುತ್ತಾರೆ. ಮರುವರ್ಷ ಇಬ್ರಾಹಿಂ ಖೈರಲ್ಲಾ ಎಂಬ ಲೆಬನಾನ್ ಕಡೆಯ ವಲಸಿಗ ಶಿಕಾಗೋದಲ್ಲಿ ಆ ಧರ್ಮದ ಪಾಠ ಆರಂಭಿಸಿದ. ವಿಮಾ ಕಂಪನಿಯ ಕೆಲಸದಲ್ಲಿದ್ದ ಥಾರ್ನ್‌ಟನ್ ಚೇಸ್ ಅಮೆರಿಕದ ಮೊದಲ ಬಹಾಯಿ ಎನಿಸಿಕೊಂಡರು.

ಹೀಗಾಗಿ 1899ರಲ್ಲಿ ಹಡಗಿನಿಂದ ಇಳಿದ ಅಡುಗೆಯ ಹುಡುಗಿಗೆ ಶಿಕಾಗೋದಲ್ಲಿ ಬಹಾಯಿಗಳು ಎದುರಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರ ಸಂಖ್ಯೆ ಬಹಳ ಕಡಿಮೆ. ಅಮೆರಿಕದ ಜನಗಣತಿ ಇಲಾಖೆಯ ಧಾರ್ಮಿಕ ಗಣತಿಯಲ್ಲಿ 1906ರಲ್ಲಿ ಇಡೀ ದೇಶಕ್ಕೆ 1,280 ಬಹಾಯಿಗಳು, 1916ರಲ್ಲಿ 2,884. ಇಷ್ಟು ಚಿಕ್ಕ ಗುಂಪಿನಲ್ಲಿ ಒಬ್ಬರನ್ನು ಹುಡುಕುವುದು ನಿಮಗೆ ಅನುಕೂಲವೇ.

ತುಂಗಾತೀರ ಅವರೇ, ನಿಮ್ಮ ಮನೆಯ ಜಗಳಕ್ಕೆ ಮುಖ್ಯವಾದ ಸಂಗತಿ ಬೇರೆ ಇದೆ. ಆ ಕಾಲದ ಅಮೆರಿಕನ್ ಬಹಾಯಿಗಳಲ್ಲಿ ಅನೇಕರು ತಮ್ಮ ಚರ್ಚಿನ ಸದಸ್ಯತ್ವ ಬಿಟ್ಟಿರಲಿಲ್ಲ. ಭಾನುವಾರ ಚರ್ಚು, ವಾರದ ನಡುವೆ ಯಾರದೋ ಮನೆಯ ಹಜಾರದಲ್ಲಿ ಬಹಾಯಿ ಸಭೆ. ಎರಡೂ ಕಡೆ ಹೆಸರಿದ್ದರೆ ಯಾರಿಗೂ ವಿಚಿತ್ರ ಎನಿಸುತ್ತಿರಲಿಲ್ಲ. 1930ರ ದಶಕದ ನಡುವಿನಲ್ಲಿ, ಆಗಿನ ಮುಖಂಡ ಶೋಘಿ ಎಫೆಂದಿ ಅವರು ಚರ್ಚುಗಳ ಸದಸ್ಯತ್ವದಿಂದ ಹೊರಬರುವಂತೆ ಸೂಚಿಸಿದರು. ಆದ್ದರಿಂದ ಹಿರಿಯರು ಚರ್ಚಿನ ಯಾವ ವರ್ಷದ ಪುಸ್ತಕ ನೋಡಿದರು ಎಂದು ಮೊದಲು ಕೇಳಿ. 1910ರ ಪುಸ್ತಕದಲ್ಲಿ ಹೆಸರಿದ್ದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. 1935ರಿಂದ 37ರವರೆಗಿನ ಪುಟಗಳನ್ನು ನೋಡಬೇಕು.

ಗೋಥೆನ್‌ಬರ್ಗ್ ಮಳೆ

ಸ್ವೀಡನ್ನಿನ ಕನ್ನಡಿಗ ಹಾಜರ್! ಇಲ್ಲಿನ ವಾಹನ ಕಂಪನಿಯೊಂದರಲ್ಲಿ ತಂತ್ರಾಂಶ ಬರೆಯುವುದು ನನ್ನ ಕೆಲಸ. ಹಳೆಯ ಚರ್ಚ್ ದಾಖಲೆ ಓದುವುದು ಚಳಿಗಾಲದಲ್ಲಿ ಅಂಟಿಕೊಂಡ ಚಟ. ಮಧ್ಯಾಹ್ನ ಮೂರೂವರೆಗೆ ಕತ್ತಲಾದರೆ ಇನ್ನೇನು ಮಾಡುವುದು ಹೇಳಿ.

ಈ ದೇಶದಲ್ಲಿ ಪ್ರತಿ ಪ್ಯಾರಿಷ್‌ನ (ಒಂದು ಚರ್ಚಿಗೆ ಸೇರಿದ ಪ್ರದೇಶದ) ಪಾದ್ರಿ ತನ್ನ ವ್ಯಾಪ್ತಿಯ ಎಲ್ಲರ ಲೆಕ್ಕ ಇಡಬೇಕೆಂದು 1686ರ ಚರ್ಚ್ ಕಾನೂನಿನಲ್ಲೇ ಇತ್ತು. ಪಾದ್ರಿ ಮನೆಮನೆಗೆ ಬಂದು ಲೂಥರನ ಪ್ರಶ್ನೋತ್ತರ ಪಾಠ ಬರುತ್ತದೆಯೇ, ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಮನೆಯೊಡೆಯನಿಂದ ಹಿಡಿದು ಕೊಟ್ಟಿಗೆಯ ಆಳಿನವರೆಗೆ ಎಲ್ಲರೂ ಅದರಲ್ಲಿದ್ದಾರೆ: ಹುಟ್ಟಿದ ದಿನ, ಸಿಡುಬಿನ ಲಸಿಕೆ, ಯಾವ ಊರಿಂದ ಬಂದರು, ಎಲ್ಲಿಗೆ ಹೋದರು. 1895ರಿಂದ ಆ ಪರೀಕ್ಷೆಯ ಪುಸ್ತಕದ ಬದಲು ಫೊರ್ಸಾಮ್ಲಿಂಗ್ಸ್‌ಬೋಕ್ ಎಂಬ ಸಭಾ ಪುಸ್ತಕ ಬಂತು. ನಿಮ್ಮ ಅಜ್ಜಿ ಹೊರಟದ್ದು 1899 ಆದರೆ ಕೊನೆಯ ನಮೂದು ಅದರಲ್ಲಿರುತ್ತದೆ. ಸ್ವೀಡನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹದ ಜಾಲತಾಣದಲ್ಲಿ ಇವೆಲ್ಲ ಉಚಿತ. ಪ್ಯಾರಿಷ್ ಹೆಸರು ಮತ್ತು ಹುಟ್ಟಿದ ದಿನಾಂಕ ಇವೆರಡು ಇದ್ದರೆ ಸಾಕು.

ಹಡಗಿನ ವಿಚಾರ: 1915ರಲ್ಲಿ ನೇರ ಹಡಗು ಬರುವವರೆಗೆ ಹೆಚ್ಚಿನವರು ಗೋಥೆನ್‌ಬರ್ಗಿನಿಂದ ಇಂಗ್ಲೆಂಡಿನ ಹಲ್ ಬಂದರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್ ತಲುಪಿ, ಅಲ್ಲಿ ಅಟ್ಲಾಂಟಿಕ್ ದಾಟುವ ದೊಡ್ಡ ಹಡಗು ಹತ್ತುತ್ತಿದ್ದರು. ಇಲ್ಲಿನ ಪೊಲೀಸರು ಹೊರಡುವವರ ಪಟ್ಟಿ ಇಡುತ್ತಿದ್ದರು. ಹೆಸರು, ವಯಸ್ಸು, ಊರು, ಎಲ್ಲಿಗೆ ಹೋಗುವುದು ಎಲ್ಲವೂ ಅದರಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರವರೆಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೋದರು. ಸ್ಮೋಲಂಡ್ ಎಂದರೆ ಕಲ್ಲೇ ಹೆಚ್ಚಿರುವ ನೆಲ, ಖಾಲಿಯಾದ ಮನೆಗಳೂ ಅಲ್ಲಿಯೇ ಹೆಚ್ಚು.

ಹೆಸರು, ಪ್ಯಾರಿಷ್ ಖಾಸಗಿ ಸಂದೇಶದಲ್ಲಿ ಕಳುಹಿಸಿ. ನಾನೇ ನೋಡುತ್ತೇನೆ.

ತುಂಗಾತೀರ

ಕಳುಹಿಸಿದ್ದೇನೆ, ಬಹಳ ಉಪಕಾರವಾಯಿತು. ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಕಣ್ಣಿನ ರೆಪ್ಪೆ ಮಗುಚಿ ನೋಡಿದ ವೈದ್ಯನ ಕಥೆಯನ್ನು ಅಜ್ಜಿ ಹೇಳುತ್ತಿದ್ದರಂತೆ, ಅಲ್ಲಿನ ಪಟ್ಟಿಯನ್ನೂ ಹುಡುಕಬೇಕೇ?

ತಂಗಿಯ ಕಾಗದಗಳಲ್ಲಿ ಒಂದನ್ನು ಸ್ವೀಡಿಷ್ ಬಲ್ಲ ನೆರೆಯವರೊಬ್ಬರು ಓದಿ ಹೇಳಿದರು. ವರ್ಷ 1911. ನೀನು ಕ್ರಿಸ್ತನನ್ನು ಬಿಟ್ಟು ತುರ್ಕಿಯವನೊಬ್ಬನನ್ನು ಹಿಡಿದಿದ್ದೀಯೆ ಎಂದು ಕೇಳಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಇನ್ನು ಅವಳಿಗೆ ಇಂಥ ಸುದ್ದಿ ಬರೆಯಬೇಡ ಎಂದಿದೆ. ಕೊನೆಗೆ, ಕಳುಹಿಸಿದ ಡಾಲರ್ ತಲುಪಿತು, ಆಕಳು ಕೊಂಡೆವು ಎಂದೂ ಇದೆ. ಅತ್ತೆ ಅಲ್ಲಿ ಸ್ವಲ್ಪ ನಕ್ಕರು.

ಗೋಥೆನ್‌ಬರ್ಗ್ ಮಳೆ

ಎಲ್ಲಿಸ್ ದ್ವೀಪದ ಮರದ ಕಟ್ಟಡ 1897ರ ಜೂನ್‌ನಲ್ಲಿ ಸುಟ್ಟುಹೋಯಿತು. ಹೊಸ ಕಟ್ಟಡ ಬಾಗಿಲು ತೆರೆದದ್ದು 1900ರ ಡಿಸೆಂಬರ್‌ನಲ್ಲಿ. ನಡುವಿನ ಅವಧಿಯಲ್ಲಿ ಬಂದವರನ್ನು ಮ್ಯಾನ್‌ಹಟನ್ ತುದಿಯ ಬಾರ್ಜ್ ಆಫೀಸಿನಲ್ಲಿ ತಪಾಸಣೆ ಮಾಡುತ್ತಿದ್ದರು. ರೆಪ್ಪೆ ಮಗುಚಿದ ವೈದ್ಯ ನಿಜವೇ ಇರಬಹುದು, ದ್ವೀಪ ಮಾತ್ರ ಆಮೇಲೆ ಸೇರಿಕೊಂಡಿದೆ. ಪ್ರಯಾಣಿಕರ ಪಟ್ಟಿ ಹೇಗಿದ್ದರೂ ನ್ಯೂಯಾರ್ಕ್ ಬಂದರಿನ ಹೆಸರಿನಲ್ಲೇ ಸಿಗುತ್ತದೆ.

ತಂಗಿಯ ಕಾಗದದ ಬಗ್ಗೆ ಒಂದು ಮಾತು. ಆಗ ಸ್ವೀಡನ್ನಿನಲ್ಲಿ ರಾಜ್ಯದ ಚರ್ಚನ್ನು ಬಿಡಬೇಕೆಂದರೆ ಸರ್ಕಾರ ಒಪ್ಪಿದ ಇನ್ನೊಂದು ಕ್ರೈಸ್ತ ಸಭೆಗೆ ಸೇರಬೇಕಿತ್ತು. ಯಾವುದಕ್ಕೂ ಸೇರದೆ ಸುಮ್ಮನೆ ಹೊರಬರುವ ಹಕ್ಕು ಸಿಕ್ಕಿದ್ದು 1951ರಲ್ಲಿ! ಹಳ್ಳಿಯಲ್ಲಿ ಉಳಿದ ತಾಯಿಗೆ ಮಗಳ ಸುದ್ದಿ ಹೇಗೆ ಕೇಳಿಸಿರಬೇಕು, ಯೋಚಿಸಿ.

ಶಿಕಾಗೋ ಚಳಿ

ನಾನು ಎವನ್ಸ್‌ಟನ್‌ನಲ್ಲಿದ್ದೇನೆ, ವಿಲ್ಮೆಟ್‌ನ ಬಹಾಯಿ ಮಂದಿರ ಪಕ್ಕದಲ್ಲೇ. ಊರಿನಿಂದ ಯಾರು ಬಂದರೂ ತೋರಿಸಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಮೊದಲ ಸಲ ನೋಡಿದಾಗ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗಿತ್ತು: ಅಷ್ಟು ಬಿಳುಪು, ಅಷ್ಟು ಸೂಕ್ಷ್ಮ ಕುಸುರಿ. ಅದು ಕೆತ್ತಿದ ಕಲ್ಲಲ್ಲ, ಬಿಳಿ ಸಿಮೆಂಟಿಗೆ ಸ್ಫಟಿಕದ ಕಲ್ಲುಪುಡಿ ಸೇರಿಸಿ ಅಚ್ಚಿನಲ್ಲಿ ಎರಕ ಹೊಯ್ದದ್ದು. ಒಂಬತ್ತು ಮುಖ, ಒಂಬತ್ತು ಬಾಗಿಲು. ವಾಸ್ತುಶಿಲ್ಪಿ ಲೂಯಿ ಬೂರ್ಜ್ವಾ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಹೇಳಲು ಸಂಕೋಚವಾಗುತ್ತಿದೆ, ಆದರೂ ಹೇಳಲೇಬೇಕು. ಆ ಕಲ್ಲನ್ನು ತಂದವರು ನೆಟ್ಟಿ ಟೋಬಿನ್ ಎಂಬ ಶಿಕಾಗೋದ ಬಡ ಹೊಲಿಗೆಯಾಕೆ. ಮಂದಿರಕ್ಕೆ ಕೊಡಲು ಅವರಲ್ಲಿ ಹಣವಿರಲಿಲ್ಲ. ಕಟ್ಟಡ ಕೆಲಸದ ಜಾಗದಲ್ಲಿ ಬೇಡವೆಂದು ಬಿಟ್ಟಿದ್ದ ಕಲ್ಲೊಂದನ್ನು ಕೇಳಿ ಪಡೆದು, ಮಗುವಿನ ಗಾಡಿ, ಟ್ರಾಮ್, ಕೈಗಾಡಿ ಎಂದು ಏನೇನೋ ಹೂಡಿ, ಸಿಕ್ಕವರ ಸಹಾಯ ಕೇಳಿ ವಿಲ್ಮೆಟ್‌ಗೆ ಮುಟ್ಟಿಸಿದರು. 1912ರ ಮೇ 1ರಂದು ಬಹಾವುಲ್ಲಾ ಅವರ ಮಗ ಅಬ್ದುಲ್ ಬಹಾ ಬಂದಾಗ ಅದನ್ನೇ ಶಂಕುಸ್ಥಾಪನೆಗೆ ಇಟ್ಟರು. ಈಗಲೂ ಮಂದಿರದ ಅಡಿಯಲ್ಲಿ ಆ ಕಲ್ಲನ್ನು ನೋಡಬಹುದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಬೇರೊಬ್ಬರ ಹೆಸರು ಸೇರಿಸಲು ಸಾಧ್ಯವಿಲ್ಲ.

ಆದರೆ ನಿಮ್ಮ ಅಜ್ಜಿ ಆ ದಿನ ಗುಂಪಿನಲ್ಲಿ ಇದ್ದಿರಬಹುದು. ಅಂದು ಬೇರೆ ಬೇರೆ ದೇಶಗಳ ಮೂಲದವರನ್ನು ಕರೆದು ಒಬ್ಬೊಬ್ಬರಿಂದ ಮಣ್ಣು ಅಗೆಸಿದ್ದರು.

ತುಂಗಾತೀರ

ಇದನ್ನು ಅತ್ತೆಗೆ ಓದಿ ಹೇಳಿದೆ. ಮುಖ ಕೆಂಪಗಾಯಿತು. "ಹಾಗಾದರೆ ನನ್ನ ಅಜ್ಜಿ ಸುಳ್ಳು ಹೇಳಿದಳೇ?" ಎಂದು ಕೇಳಿ ಎದ್ದು ಹೋದರು. ರಾತ್ರಿ ಊಟಕ್ಕೂ ಸರಿಯಾಗಿ ಮಾತನಾಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ತಾವಾಗಿಯೇ ಹೇಳಿದರು: ಅಜ್ಜಿ ಯಾವತ್ತೂ "ನಾನು ತಳ್ಳಿದೆ" ಎಂದು ಹೇಳಿದ ನೆನಪಿಲ್ಲವಂತೆ. "ಒಬ್ಬ ಹೆಂಗಸು ತಳ್ಳಿಕೊಂಡು ಹೋದಳು" ಎಂದೇ ಕಥೆ ಆರಂಭಿಸುತ್ತಿದ್ದರಂತೆ. ಆ ಹೆಂಗಸು ಅಜ್ಜಿಯೇ ಎಂದು ಮೊಮ್ಮಕ್ಕಳು ತೀರ್ಮಾನಿಸಿಕೊಂಡು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಅಜ್ಜಿಯ ಕೈವಾಡ ಇದ್ದದ್ದು ಒಂದು ಕಾಫಿ ಡಬ್ಬಿಯಲ್ಲಿ. ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತಂತೆ, ಮಂದಿರಕ್ಕೆಂದು ಚಿಲ್ಲರೆ ಹಾಕುವುದು. ಮಗನೊಬ್ಬ ತಮಾಷೆಗೆ ನಾಣ್ಯ ಹಾಕಲು ಹೋದಾಗ ಕೈ ಹಿಡಿದು ತಡೆದರಂತೆ, ನೀನು ಹಾಕುವ ಹಾಗಿಲ್ಲ ಎಂದು. ಆ ಮಗನೇ ಈಗ ಜಗಳವಾಡುತ್ತಿರುವವರ ತಂದೆ.

ಬೆಳಗಿನ ಪ್ರಾರ್ಥನೆ

ತುಂಗಾತೀರ ಅವರಿಗೆ ಬೆಂಗಳೂರಿನಿಂದ ನಮಸ್ಕಾರ. ನಾವು ಬಹಾಯಿಗಳು, ನನ್ನ ಯಜಮಾನರ ತಂದೆಯ ಕಾಲದಿಂದ. ಇಷ್ಟು ದಿನ ಓದುತ್ತಲೇ ಇದ್ದೆ, ಕಾಫಿ ಡಬ್ಬಿಯ ಮಾತು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಬಹಾಯಿ ನಿಧಿಗೆ ಬಹಾಯಿಗಳಲ್ಲದವರಿಂದ ಹಣ ಪಡೆಯುವ ಹಾಗಿಲ್ಲ. ಅಷ್ಟು ದೊಡ್ಡ ಮಂದಿರದ ಕೆಲಸ 1953ರವರೆಗೆ ಎಳೆದದ್ದಕ್ಕೆ ಅದೂ ಒಂದು ಕಾರಣ. ಅಜ್ಜಿ ಮಗನ ಕೈ ಹಿಡಿದದ್ದು ಕೋಪದಿಂದಲ್ಲಮ್ಮ, ನಿಯಮ ಹಾಗಿದೆ.

ನೀವು ಹೇಳಿದ ಉಂಗುರ ನಮ್ಮದೇ. ಆ ಚಿಹ್ನೆ ನನ್ನ ಬೆರಳಿನ ಮೇಲೂ ಇದೆ. ಗೋಡೆಯ ಮೇಲಿನ ಹಡಗು ಎಂದಿರಲ್ಲ, ಅದು ಬಹುಶಃ ದೇವರ ಮಹಿಮೆಯನ್ನು ಕರೆಯುವ ಅರಬ್ಬಿ ನಾಮ. ಅಕ್ಷರಗಳು ಬಾಗಿ ಮೇಲೆದ್ದು ನಿಜಕ್ಕೂ ಹಾಯಿಯ ಹಾಗೆ ಕಾಣುತ್ತವೆ. ನನ್ನ ಮೊಮ್ಮಗ ಅದನ್ನು ದೋಣಿ ಎನ್ನುತ್ತಾನೆ!

ಉಪವಾಸದ ವಿಷಯ. ನಮ್ಮಲ್ಲಿ ಹತ್ತೊಂಬತ್ತು ದಿನದ ತಿಂಗಳುಗಳು ಹತ್ತೊಂಬತ್ತು. ಕೊನೆಯ ತಿಂಗಳು ಪೂರ್ತಿ ಉಪವಾಸ. ಆ ಕಾಲದಲ್ಲಿ ಅದು ಮಾರ್ಚ್ 2ರಿಂದ 20ರವರೆಗೆ ಬರುತ್ತಿತ್ತು, 21ಕ್ಕೆ ನೌರೂಜ್, ಅಂದರೆ ಹೊಸ ವರ್ಷ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ಲೆಂಟ್ ವ್ರತ ಈಸ್ಟರ್ ಜೊತೆ ಪ್ರತಿ ವರ್ಷ ಹಿಂದೆ ಮುಂದೆ ಹೋಗುತ್ತದೆ. ಅಜ್ಜಿಯ ಉಪವಾಸ ಯಾವ ದಿನಗಳಲ್ಲಿ ಇತ್ತೆಂದು ಯಾರಿಗಾದರೂ ನೆನಪಿದೆಯೇ? ಇನ್ನೊಂದು, ಎಪ್ಪತ್ತು ದಾಟಿದವರಿಗೆ ಉಪವಾಸವಿಲ್ಲ.

ತುಂಗಾತೀರ

ನಿಮ್ಮ ಕೊನೆಯ ಸಾಲು ಓದಿ ಅತ್ತೆ ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡರು. ಅವರು ಹುಟ್ಟಿದ್ದು 1943ರ ಮಾರ್ಚ್ 4ರಂದು, ಮನೆಯಲ್ಲೇ ಹೆರಿಗೆ. ಅಜ್ಜಿ ಬೆಳಿಗ್ಗೆಯಿಂದ ಮಗಳ ಪಕ್ಕ ಕುಳಿತಿದ್ದರು, ಸೂಲಗಿತ್ತಿ ಎಷ್ಟು ಹೇಳಿದರೂ ಕತ್ತಲಾಗುವವರೆಗೆ ಒಂದು ಗುಟುಕು ಕಾಫಿ ಮುಟ್ಟಲಿಲ್ಲ ಎನ್ನುವ ಮಾತನ್ನು ಅತ್ತೆಯ ತಾಯಿ ಪ್ರತಿ ಹುಟ್ಟುಹಬ್ಬಕ್ಕೂ ಹೇಳುತ್ತಿದ್ದರಂತೆ. ಸ್ವೀಡನ್ನಿನವರು ಕಾಫಿ ಬಿಡುವುದೆಂದರೆ ಸಣ್ಣ ಮಾತಲ್ಲ, ಇಲ್ಲಿರುವವರಿಗೆ ಗೊತ್ತು.

ಇನ್ನೊಂದು ನೆನಪು ಅತ್ತೆಯದೇ. ಅವರಿಗೆ ಏಳು ತುಂಬಿದ ವರ್ಷ ಮಾರ್ಚ್‌ನಲ್ಲಿ ಅಜ್ಜಿ ಇದ್ದಕ್ಕಿದ್ದಂತೆ ಎಲ್ಲರ ಜೊತೆ ಬೆಳಗಿನ ತಿಂಡಿಗೆ ಕುಳಿತರಂತೆ. ಮನೆಯವರು ಕಾಯಿಲೆಯೇನೋ ಎಂದು ಹೆದರಿದರಂತೆ. 1950. ಅಜ್ಜಿಗೆ ಎಪ್ಪತ್ತು ತುಂಬಿ ಕೆಲವು ತಿಂಗಳಾಗಿತ್ತು.

ಮಾರ್ಚ್ 21ಕ್ಕೆ ಏಲಕ್ಕಿ ಹಾಕಿದ ಬನ್ನು ಮಾಡಿ ಬೀದಿಯ ಮಕ್ಕಳಿಗೆಲ್ಲ ಹಂಚುತ್ತಿದ್ದರಂತೆ. ಯಾಕೆಂದು ಯಾರೂ ಕೇಳಲಿಲ್ಲ. ಬನ್ನು ಸಿಕ್ಕರೆ ಮಕ್ಕಳೇಕೆ ಕೇಳುತ್ತಾರೆ?

ಹಳೆಯ ಕಡತ

1943ರಲ್ಲಿ ಈಸ್ಟರ್ ಬಂದದ್ದು ಏಪ್ರಿಲ್ 25ಕ್ಕೆ. ಅದಕ್ಕಿಂತ ತಡವಾಗಿ ಈಸ್ಟರ್ ಬರಲು ಸಾಧ್ಯವೇ ಇಲ್ಲ. ಲೆಂಟ್ ಆರಂಭವಾದದ್ದು ಮಾರ್ಚ್ 10ರ ಬುಧವಾರ. ಮಾರ್ಚ್ 4ರಂದು ಲೂಥರನ್ನರಿಗೆ ಲೆಂಟ್ ಇರಲಿಲ್ಲ. ಸೋದರಮಾವನ ಮಗನಿಗೆ ಆ ವರ್ಷದ ಕ್ಯಾಲೆಂಡರ್ ತೋರಿಸಿ.

ಶಿಕಾಗೋ ಸುತ್ತಿನ ಸ್ವೀಡಿಷ್ ಲೂಥರನ್ ಚರ್ಚುಗಳಲ್ಲಿ ಬಹುಪಾಲು ಅಗಸ್ಟಾನಾ ಸಿನಡ್ ಎಂಬ ಚರ್ಚುಗಳ ಒಕ್ಕೂಟಕ್ಕೆ ಸೇರಿದವು. ಊರಿನ ಪದ್ಧತಿಯಂತೆಯೇ ಸದಸ್ಯರ ಪುಸ್ತಕ ಇಡುತ್ತಿದ್ದವು, ಅದೂ ಸ್ವೀಡಿಷ್ ಭಾಷೆಯಲ್ಲೇ. ನಿಮ್ಮ ರಾಜ್ಯದ ರಾಕ್ ಐಲೆಂಡ್ ಊರಿನಲ್ಲಿ ಅಗಸ್ಟಾನಾ ಕಾಲೇಜಿದೆ. ಅಲ್ಲಿನ ಸ್ವೆನ್ಸನ್ ವಲಸೆ ಸಂಶೋಧನಾ ಕೇಂದ್ರದಲ್ಲಿ ಈ ಚರ್ಚುಗಳ ಪುಸ್ತಕಗಳ ಮೈಕ್ರೋಫಿಲ್ಮ್ ಇದೆ. 1936ರ ಆಸುಪಾಸು ನೋಡಿ.

ಪ್ರಶ್ನಾರ್ಥಕ

ಕ್ಯಾಲೆಂಡರ್ ಲೆಕ್ಕ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ. ಎಲ್ಲ ಧರ್ಮಗಳ ಮೂಲ ಒಂದೇ ಎನ್ನುವವರು ಚರ್ಚಿನಿಂದ ಹೆಸರು ತೆಗೆಸಿ ಎಂದು ಯಾಕೆ ಹೇಳಬೇಕು? ಮತ್ತೆ ಗಂಡನ ಪಕ್ಕದಲ್ಲಿ ಹೂಳದಿದ್ದದ್ದೂ ಇದೇ ಧರ್ಮದ ಕಾರಣಕ್ಕೇ? ಅದು ಸತ್ತವರಿಗೂ ನ್ಯಾಯವಲ್ಲ, ಉಳಿದವರಿಗೂ ನ್ಯಾಯವಲ್ಲ.

ತುಂಗಾತೀರ

ಹೂಳಿದ ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅತ್ತೆ ಬರೆ ಎಂದರು.

ಗಂಡ ತೀರಿಕೊಂಡಾಗ ಅವರನ್ನು ರಾಕ್‌ಫೋರ್ಡ್‌ಗೆ ಒಯ್ದರು. ಅಲ್ಲಿ ಅವರ ಅಣ್ಣತಮ್ಮಂದಿರಿದ್ದರು, ಚರ್ಚಿನ ಸ್ಮಶಾನದಲ್ಲಿ ಜಾಗ ಕೊಂಡಿಟ್ಟಿದ್ದರು. ಜೋಡಿ ಕಲ್ಲನ್ನೇ ನಿಲ್ಲಿಸಿ, ಅಜ್ಜಿಯ ಹೆಸರು, ಹುಟ್ಟಿದ ವರ್ಷ ಕೆತ್ತಿಸಿ, ಮುಂದಿನ ವರ್ಷಕ್ಕೆ ಜಾಗ ಬಿಟ್ಟಿದ್ದರು. ಅಜ್ಜಿ ಶಿಕಾಗೋದಲ್ಲಿ ತೀರಿಕೊಂಡಾಗ ಮಕ್ಕಳು ರಾಕ್‌ಫೋರ್ಡ್‌ಗೆ ಒಯ್ಯಲು ಸಿದ್ಧ ಮಾಡಿದ್ದರು. ಆಗ ಕಾಗದವೊಂದು ಹೊರಗೆ ಬಂತು: ನನ್ನನ್ನು ಸತ್ತ ಊರಿನಲ್ಲೇ ಹೂಳಿ, ಸುಡಬೇಡಿ, ದೂರ ಒಯ್ಯಬೇಡಿ. ದೊಡ್ಡ ಮಗ, ಅಂದರೆ ಕಾಫಿ ಡಬ್ಬಿಯವರು, ಆ ಕಾಗದವನ್ನು ಎಲ್ಲರ ಮುಂದೆ ಮೇಜಿನ ಮೇಲೆ ಎಸೆದರಂತೆ. ಕೊನೆಗೆ ಹೆಣ್ಣುಮಕ್ಕಳ ಮಾತೇ ನಡೆಯಿತು. ದೊಡ್ಡ ಮಗ ತಾಯಿಯ ಮಣ್ಣಿಗೆ ಬರಲಿಲ್ಲ. ರಾಕ್‌ಫೋರ್ಡಿನ ಕಲ್ಲಿನ ಮೇಲೆ ಆ ಜಾಗ ಈಗಲೂ ಖಾಲಿಯೇ ಇದೆ, ನಾವು ನೋಡಿ ಬಂದಿದ್ದೇವೆ.

ಬೆಳಗಿನ ಪ್ರಾರ್ಥನೆ

ಓದಿ ಹೊಟ್ಟೆಯಲ್ಲಿ ಸಂಕಟವಾಯಿತಮ್ಮ. ಇದು ಗಂಡನ ಮೇಲಿನ ಮುನಿಸಲ್ಲ, ನಮ್ಮ ನಿಯಮ. ಸತ್ತ ಜಾಗದಿಂದ ಒಂದು ಗಂಟೆಯ ಪ್ರಯಾಣ ಮೀರಿ ದೇಹವನ್ನು ಒಯ್ಯುವ ಹಾಗಿಲ್ಲ, ಸುಡುವ ಹಾಗೂ ಇಲ್ಲ. ಶಿಕಾಗೋದಿಂದ ರಾಕ್‌ಫೋರ್ಡ್ ಎಷ್ಟು ದೂರವೆಂದು ನೀವೇ ಹೇಳಬೇಕು.

ಪ್ರಶ್ನಾರ್ಥಕರಿಗೆ: ಶೋಘಿ ಎಫೆಂದಿ ನಮ್ಮ ಧರ್ಮದ ಸಂರಕ್ಷಕರಾಗಿದ್ದವರು. ಅವರ ಮನೆ, ಹಿರಿಯರ ಸಮಾಧಿ ಎಲ್ಲ ಇಸ್ರೇಲಿನ ಹೈಫಾ ಕಡೆ. 1957ರ ನವೆಂಬರ್‌ನಲ್ಲಿ ಲಂಡನ್ನಿಗೆ ಹೋಗಿದ್ದಾಗ ತೀರಿಕೊಂಡರು. ಲಂಡನ್ನಿನಲ್ಲೇ ಮಣ್ಣು ಮಾಡಿದರು, ಇಂದಿಗೂ ಅಲ್ಲೇ ಇದ್ದಾರೆ. ಅವರಿಗಿಲ್ಲದ ವಿನಾಯಿತಿ ಅಜ್ಜಿ ಕೇಳಲಿಲ್ಲ, ಅಷ್ಟೆ. ಚರ್ಚಿನ ವಿಷಯಕ್ಕೆ ನನ್ನ ಉತ್ತರ: ಏಸುವನ್ನು ಬಿಡಿ ಎಂದು ಯಾರೂ ಹೇಳಲಿಲ್ಲ, ನಾವೂ ಅವರನ್ನು ದೇವರ ದೂತರೆಂದೇ ನಂಬುತ್ತೇವೆ. ಬಹಾಯಿ ಎನ್ನುವುದು ಸ್ವತಂತ್ರ ಧರ್ಮ, ಎರಡು ಕಡೆ ಸದಸ್ಯರಾಗಿದ್ದರೆ ಎರಡಕ್ಕೂ ಪ್ರಾಮಾಣಿಕವಲ್ಲ ಎನ್ನುವುದು ವಾದ. ಆ ಕಾಲದ ವಯಸ್ಸಾದವರಿಗೆ ಅದು ಸುಲಭವಾಗಿರಲಿಲ್ಲ ಎಂದು ನನಗೂ ಅನ್ನಿಸುತ್ತದೆ.

ಪ್ರಶ್ನಾರ್ಥಕ

ನಿಯಮವಿದೆ ಎಂದ ಮಾತ್ರಕ್ಕೆ ನ್ಯಾಯ ಎನಿಸುವುದಿಲ್ಲ. ಆದರೂ ಬರೆದಿಟ್ಟು ಹೋದರಲ್ಲ, ಅದಕ್ಕೆ ಬೆಲೆ ಕೊಡಲೇಬೇಕು. ಹೆಣ್ಣುಮಕ್ಕಳು ಮಾಡಿದ್ದು ಸರಿ.

ಗೋಥೆನ್‌ಬರ್ಗ್ ಮಳೆ

ಸಿಕ್ಕರು! ಸಭಾ ಪುಸ್ತಕದಲ್ಲಿ ತಂದೆ ತಾಯಿಯ ಕೆಳಗೆ ಮೂರನೆಯ ಸಾಲು. ಜನ್ಮದಿನ ನೀವು ಕೊಟ್ಟದ್ದೇ. ಬಲಗಡೆ ಹೊರಹೋದವರ ಕಾಲಂನಲ್ಲಿ ಉತ್ತರ ಅಮೆರಿಕ, ವರ್ಷ 1899, ತಿಂಗಳು ಏಪ್ರಿಲ್. ಪಾದ್ರಿ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಿದ್ದಾರೆ, ಊರು ಬಿಟ್ಟವರಿಗೆಲ್ಲ ಹಾಗೆಯೇ. ಅದೇ ಪುಟದಲ್ಲಿ ಹೀಗೆ ಗೆರೆ ಎಳೆದ ಹೆಸರುಗಳು ಇನ್ನೂ ಹಲವಿವೆ. ತಂಗಿಯ ಹೆಸರಿಗೆ ಗೆರೆಯಿಲ್ಲ. ಅದಕ್ಕೂ ಹಿಂದಿನ ಪರೀಕ್ಷೆಯ ಪುಸ್ತಕವನ್ನೂ ನೋಡಿದೆ: ಓದಿನಲ್ಲಿ ಅಜ್ಜಿಗೆ ಆ ಮನೆಯಲ್ಲೇ ಹೆಚ್ಚಿನ ಗುರುತು ಸಿಕ್ಕಿದೆ. ಚಿತ್ರಗಳನ್ನು ಕಳುಹಿಸಿದ್ದೇನೆ.

ಇನ್ನೊಂದು. ಸ್ವೀಡನ್ನಿನಲ್ಲಿ ಬಂದು ನೆಲೆಸಿದ ಮೊದಲ ಬಹಾಯಿ ಕೂಡ ಇಂಥವರೇ: ಆಗಸ್ಟ್ ರೂಡ್, ಅಮೆರಿಕದಿಂದ 1920ರಲ್ಲಿ ಮರಳಿದವರು. ಧರ್ಮ ಇಲ್ಲಿಗೆ ಬಂದದ್ದು ಪರ್ಷಿಯಾದಿಂದ ನೇರವಾಗಿ ಅಲ್ಲ, ವಲಸೆ ಹೋದವರ ಪೆಟ್ಟಿಗೆಯಲ್ಲಿ.

ತುಂಗಾತೀರ

ಚಿತ್ರಗಳು ಬಂದವು. ಓದಿನ ಗುರುತಿನ ಪುಟವನ್ನು ಮಗಳು ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ರಾಕ್ ಐಲೆಂಡ್‌ಗೂ ಹೋಗಿ ಬಂದೆವು. ಅತ್ತೆಯ ಜೊತೆ ಸೋದರಮಾವನ ಮಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಇಬ್ಬರೂ ದಾರಿಯುದ್ದಕ್ಕೂ ಹವಾಮಾನದ ಬಗ್ಗೆ ಮಾತ್ರ ಮಾತನಾಡಿದರು. ಹಿರಿಯರು ನೋಡಿದ್ದದ್ದು 1908ರಿಂದ ಆರಂಭವಾಗುವ ಪುಸ್ತಕ. ಮುಂದಿನ ಪುಸ್ತಕದ ಸುರುಳಿ ಹಾಕಿಸಿ ನಿಧಾನವಾಗಿ ತಿರುಗಿಸುತ್ತಾ ಹೋದೆವು. ಅಜ್ಜನ ಹೆಸರಿನ ಮುಂದೆ 1933, ಮರಣ. ಅದರ ಕೆಳಗೆ ಅಜ್ಜಿಯ ಹೆಸರಿಗೆ ಅಡ್ಡಗೆರೆ, ಪಕ್ಕದಲ್ಲಿ 1936, ಸ್ವಂತ ಕೋರಿಕೆಯ ಮೇರೆಗೆ ಎಂದು ಸಣ್ಣ ಅಕ್ಷರದ ಬರಹ.

ಸೋದರಮಾವನ ಮಗ ಬಹಳ ಹೊತ್ತು ಪರದೆ ನೋಡಿದರು. "ಅಜ್ಜ ಹೋಗುವವರೆಗೆ ಕಾದಿದ್ದಾಳೆ" ಎಂದರು. ಅತ್ತೆ ಏನೂ ಹೇಳಲಿಲ್ಲ.

ಹಳೆಯ ಕಡತ

ಅದು ಅವರ ಓದು, ಆಕ್ಷೇಪಿಸುವುದಿಲ್ಲ. ಆದರೆ ದಾಖಲೆ ಅಷ್ಟು ಹೇಳುವುದಿಲ್ಲ. ಶೋಘಿ ಎಫೆಂದಿ ಅವರ ಸೂಚನೆ ಅಮೆರಿಕದವರಿಗೆ ತಲುಪಿದ್ದೇ ಆ ವರ್ಷಗಳಲ್ಲಿ. ಗಂಡ ಬದುಕಿದ್ದರೂ 1936ರಲ್ಲೇ ಹೆಸರು ತೆಗೆಸುತ್ತಿದ್ದರೋ ಏನೋ. ವಂಶವೃಕ್ಷದಲ್ಲಿ ವರ್ಷವನ್ನು ಮಾತ್ರ ಬರೆಯಿರಿ, ಕಾರಣವನ್ನು ಬರೆಯಬೇಡಿ.

ಪರ್ಷಿಯನ್ ಹಾಳೆ ಏನಾಯಿತು?

ಬೆಳಗಿನ ಪ್ರಾರ್ಥನೆ

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅಬ್ದುಲ್ ಬಹಾ ಅಮೆರಿಕದ ನೂರಾರು ಜನರಿಗೆ ಪರ್ಷಿಯನ್ನಿನಲ್ಲಿ ಪತ್ರ ಬರೆಸಿದ್ದಾರೆ. ಬಡವರು, ಮನೆಗೆಲಸದವರು ಎಂದು ನೋಡಿದವರಲ್ಲ. ಸಾಮಾನ್ಯವಾಗಿ ಇಂಗ್ಲಿಷ್ ಅನುವಾದದ ಹಾಳೆಯೂ ಜೊತೆಗಿರುತ್ತದೆ. ಹಾಳೆಯ ಕೊನೆಯಲ್ಲಿ ಸಹಿ ಅಥವಾ ಮುದ್ರೆ ಇದೆಯೇ ನೋಡಿ. ವಿಲ್ಮೆಟ್‌ನಲ್ಲಿರುವ ನಮ್ಮ ರಾಷ್ಟ್ರೀಯ ದಾಖಲೆ ಸಂಗ್ರಹಕ್ಕೆ ಸ್ಕ್ಯಾನ್ ಕಳುಹಿಸಿ. ಮಡಿಕೆ ಬಿಚ್ಚುವಾಗ ಜೋಪಾನ, ಟೇಪು ಹಚ್ಚಬೇಡಿ.

ತುಂಗಾತೀರ

ಕೆಳಗೆ ಸಹಿಯಂಥದ್ದು ಇದೆ. ಅನುವಾದದ ಹಾಳೆ ಇಲ್ಲ. ಸ್ಕ್ಯಾನ್ ಕಳುಹಿಸಿದ್ದೇನೆ, ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆ. ಪತ್ರ ಅಜ್ಜಿಗೇ ಬಂದದ್ದೋ, ಬೇರೆಯವರ ಪತ್ರದ ನಕಲೋ ತಿಳಿಯಲು ಆಗಿನ ವಿಳಾಸ ಬೇಕಂತೆ. ತಂಗಿಯ ಕಾಗದಗಳ ಲಕೋಟೆ ನೋಡಿದರೆ ಬೀದಿ ಒಂದೇ, ಮನೆ ಸಂಖ್ಯೆ ಮಾತ್ರ 1908ರಲ್ಲಿ ಒಂದು, 1910ರಲ್ಲಿ ಇನ್ನೊಂದು. ಮನೆ ಬದಲಿಸಿದ ನೆನಪು ಯಾರಿಗೂ ಇಲ್ಲ. ಶಿಕಾಗೋ ಚಳಿ ಅವರೇ, ನಿಮಗೇನಾದರೂ ಹೊಳೆಯುತ್ತದೆಯೇ?

ಶಿಕಾಗೋ ಚಳಿ

ಮನೆ ಬದಲಾಗಿರಬೇಕಿಲ್ಲ. 1909ರಲ್ಲಿ ಶಿಕಾಗೋ ನಗರ ಎಲ್ಲ ಮನೆಗಳ ಸಂಖ್ಯೆಯನ್ನೂ ಬದಲಿಸಿತು. ಸ್ಟೇಟ್ ಬೀದಿ ಮತ್ತು ಮ್ಯಾಡಿಸನ್ ಬೀದಿ ಕೂಡುವ ಮೂಲೆಯನ್ನು ಸೊನ್ನೆ ಎಂದು ಹಿಡಿದು, ಮೈಲಿಗೆ 800ರಂತೆ ಹೊಸ ಲೆಕ್ಕ ಹಾಕಿದರು. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಯಾವುದೆಂದು ತೋರಿಸುವ ಕೋಷ್ಟಕ ಆಗಲೇ ಅಚ್ಚಾಗಿತ್ತು, ಈಗ ಅಂತರ್ಜಾಲದಲ್ಲೂ ಸಿಗುತ್ತದೆ. ಎರಡೂ ಸಂಖ್ಯೆಗಳನ್ನು ನನಗೆ ಕಳುಹಿಸಿ, ಹೊಂದುತ್ತವೆಯೇ ನೋಡಿ ಹೇಳುತ್ತೇನೆ. ಮನೆ ಇನ್ನೂ ನಿಂತಿದ್ದರೆ ಶನಿವಾರ ಆ ಕಡೆ ಹೋದಾಗ ಒಂದು ಫೋಟೊ ತೆಗೆದು ಹಾಕುತ್ತೇನೆ.